ಲೇತ್ ಮೇಲೆ ಕೂರದ ನಕ್ಷೆ: ಒಂದು ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಗಿಫ್ಟಿನ ಪ್ರಕರಣ

ಮೈಸೂರು ರೋಡಲ್ಲಿ ಕೆಂಗೇರಿ ಹತ್ರ ಇರೋ ಒಂದು ಅಪಾರ್ಟ್‌ಮೆಂಟು, ಇನ್ನೂರು ಚಿಲ್ಲರೆ ಮನೆ. ಹೆಸರು ಬೇಡ, ಅಲ್ಲಿರೋರಿಗೆ ಓದಿದ ತಕ್ಷಣ ಗೊತ್ತಾಗುತ್ತೆ. ಅಲ್ಲಿ ಪ್ರತಿ ವರ್ಷ ನವೆಂಬರ್ 1ಕ್ಕೆ ಬಾವುಟ ಹಾರಿಸಿ, ನಾಡಗೀತೆ ಹಾಡಿ, ಮಕ್ಕಳ ಡ್ಯಾನ್ಸ್ ಮುಗಿದ್ಮೇಲೆ ಮನೆಗೊಂದು ಗಿಫ್ಟ್ ಕೊಡೋ ಪದ್ಧತಿ ಇದೆ. ಸ್ಟೀಲ್ ಡಬ್ಬ, ಹಳದಿ ಕೆಂಪು ಕಾಫಿ ಮಗ್ಗು, ಒಂದು ವರ್ಷ ಪ್ಲಾಸ್ಟಿಕ್ ಟಿಫನ್ ಬಾಕ್ಸು, ಹೀಗೆ. ಕಳೆದ ವರ್ಷ ಮಾತ್ರ ಯಾರೋ ಒಬ್ರು "ಈ ಸಲ ಏನಾದ್ರೂ ಕರಕುಶಲದ್ದು ಕೊಡೋಣ, ನಮ್ ಪರಂಪರೆ ಉಳಿಸ್ದಂಗೂ ಆಗುತ್ತೆ" ಅಂದ್ರು, ಎಲ್ರೂ ತಲೆ ಆಡಿಸಿದ್ರು. ಆ ತಲೆ ಆಡಿಸಿದ್ದಕ್ಕೆ ಮೂರು ತಿಂಗಳು ಜಗಳ ಆಯ್ತು. ನಾನು ಕಮಿಟಿ ಮೆಂಬರ್ ಅಲ್ಲ, ಕನ್ನಡದಲ್ಲಿ ಟೈಪ್ ಮಾಡೋಕೆ ಬರುತ್ತೆ ಅಂತ ಮಿನಿಟ್ಸ್ ಬರೆಯೋಕೆ ಕೂರಿಸಿದ್ರು, ಹಾಗಾಗಿ ಯಾರು ಯಾವಾಗ ಏನಂದ್ರು ಅನ್ನೋದೆಲ್ಲ ಬರಹದಲ್ಲೇ ಇದೆ.

ಇದನ್ನ ಕೇಸ್ ಸ್ಟಡಿ ಥರ ಬರೀತಿರೋದು ಯಾಕಂದ್ರೆ, ಕರಕುಶಲ ಉಳಿಸ್ಬೇಕು ಅನ್ನೋ ಮಾತು ಬೆಂಗಳೂರಲ್ಲಿ ದಿನಾ ಕೇಳಿಸುತ್ತೆ, ಹೆಚ್ಚಾಗಿ ಮೈಕ್ ಮುಂದೆ. ಇಲ್ಲಿ ಅದೇ ಮಾತು ದುಡ್ಡು, ಟೈಮು, ಮರ, ಕರೆಂಟು, ಜಾತಿ ಧರ್ಮದ ಕಿರಿಕಿರಿ ಎಲ್ಲದರ ಜೊತೆ ಗುದ್ದಾಡ್ಕೊಂಡು ಕೊನೆಗೆ ಒಂದು ಡಬ್ಬಿ ಆಗಿ ಮನೆ ಬಾಗ್ಲಿಗೆ ಬಂತು.

ನಕ್ಷೆ ಪ್ಲಾನು

ಮೊದಲನೇ ಮೀಟಿಂಗಲ್ಲೇ ಕೇರಳದ ಆಂಟಿ ಒಬ್ರು ಎದ್ದು ನವೆಂಬರ್ 1 ನಮ್ಗೂ ಹಬ್ಬಾನೇ ಅಲ್ವಾ ಅಂದ್ರು. ಸರಿನೇ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗ ಕೇರಳನೂ ಅವತ್ತೇ ಹುಟ್ಟಿದ್ದು, ಆಂಧ್ರಪ್ರದೇಶನೂ ಅವತ್ತೇ, ಮಧ್ಯಪ್ರದೇಶಕ್ಕೂ ಅದೇ ತಾರೀಕು. ನಮ್ದು ಆಗಿನ್ನೂ ಮೈಸೂರು ರಾಜ್ಯ, ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಅಷ್ಟೊತ್ತಿಗೆ ಹಿಂದಿನ ಸಾಲಲ್ಲಿ ಕೂತಿದ್ದ ಪಂಜಾಬಿ ಹುಡುಗ ಫೋನ್ ನೋಡಿ ನಮ್ದು 1966ರ ನವೆಂಬರ್ 1 ಅಂದ, ಹರಿಯಾಣನೂ ಅವತ್ತೇ ಆಗಿದ್ದು, ಮತ್ತೆ ರಾಯ್‌ಪುರದವರು ಒಬ್ರು ಛತ್ತೀಸ್‌ಗಢ 2000ದ ನವೆಂಬರ್ 1 ಅಂತ ಸೇರಿಸಿದ್ರು. ಒಂದೇ ದಿನಕ್ಕೆ ಇಷ್ಟು ಜನ ಪಾಲುದಾರರು ಅಂತ ಅಲ್ಲಿದ್ದ ಕನ್ನಡದವರಿಗೂ ಗೊತ್ತಿರ್ಲಿಲ್ಲ.

ಹಾಗಾದ್ರೆ ಬರೀ ಕರ್ನಾಟಕದ್ದು ಯಾಕೆ, ಎಲ್ಲಾ ರಾಜ್ಯದ್ದೂ ಬರೋ ಹಾಗೆ ಮಾಡೋಣ ಅಂತ ಐದನೇ ಫ್ಲೋರಿನ ಡಿಸೈನರ್ ಹುಡುಗಿ ಒಂದು ಪಿಡಿಎಫ್ ಮಾಡಿ ಕಳಿಸಿದ್ಳು. ಮರದ ಭಾರತದ ನಕ್ಷೆ, ಒಂದೊಂದು ರಾಜ್ಯ ಒಂದೊಂದು ತುಂಡು, ಮಕ್ಕಳು ಜೋಡಿಸಬಹುದು, ಪ್ರತಿ ತುಂಡಿನ ಮೇಲೆ ಆ ರಾಜ್ಯದ ಕರಕುಶಲದ ಚಿತ್ರ, ಕೆಳಗೆ ವಿವಿಧತೆಯಲ್ಲಿ ಏಕತೆ, ಮೂಲೆಯಲ್ಲಿ ಅಸೋಸಿಯೇಷನ್ ಲೋಗೋ. ನೋಡೋಕೆ ಚೆನ್ನಾಗೇ ಇತ್ತು. ಎಲ್ಲಿ ಮಾಡ್ಸೋದು ಅಂದ್ರೆ ಒಂದೇ ಬಾಯಲ್ಲಿ ಚನ್ನಪಟ್ಟಣ. ಮೈಸೂರು ರೋಡ್ ಹಿಡಿದ್ರೆ ಒಂದು ಗಂಟೆ ದಾರಿ, ಮೇಲಾಗಿ ಈಗ ರಾಮನಗರ ಜಿಲ್ಲೆನ ಬೆಂಗಳೂರು ದಕ್ಷಿಣ ಅಂತ ಮಾಡಿರೋದ್ರಿಂದ ಲೆಕ್ಕಕ್ಕೆ ಅದೂ ಬೆಂಗಳೂರೇ ಅಂತ ಒಬ್ರು ಜೋಕ್ ಹೊಡೆದ್ರು. ರಿಯಲ್ ಎಸ್ಟೇಟ್ ಅಂಕಲ್ ಮಾತ್ರ ಸೀರಿಯಸ್ಸಾಗೇ ಹೌದು ಹೌದು ಅಂದ್ರು.

ಒಬ್ರಿಗೆ ಮಾತ್ರ ಬೇಜಾರಾಯ್ತು, ಕೊಪ್ಪಳದ ಕಡೆಯವರು, ಬ್ಯಾಂಕಲ್ಲಿದ್ದು ರಿಟೈರ್ ಆದವರು. "ನಮ್ಮ ಕಿನ್ನಾಳ ಗೊಂಬಿ ಯಾರಿಗೂ ನೆನಪಾಗಂಗಿಲ್ಲ ನೋಡ್ರಿ, ಕರಕುಶಲ ಅಂದ್ರ ಬರೇ ಚನ್ನಪಟ್ಟಣ" ಅಂದ್ರು. ಅವರ ಮಾತಲ್ಲಿ ನ್ಯಾಯ ಇದೆ. ಕಿನ್ನಾಳದ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಲ್ಲಿ ಬಟ್ಟೆ ಅಂಟಿಸಿ, ಮೇಲೆ ಬಣ್ಣ ಹಾಕೋ ಕೆಲಸ ಮಾಡ್ತಾರೆ, ಅದಕ್ಕೂ ಜಿಐ ಟ್ಯಾಗ್ ಇದೆ, ಅಂದ್ರೆ ಊರಿನ ಹೆಸರನ್ನ ಬೇರೆಯವರು ಬಳಸ್ದಂಗೆ ಕಾಪಾಡೋ ಕಾನೂನಿನ ಗುರುತು. ಆದ್ರೆ ಒಂದೊಂದು ಗೊಂಬೆಗೂ ಕೈಕೆಲಸ ಅಷ್ಟಿರುತ್ತೆ, ಮನೆಗೆ 250 ರೂಪಾಯಿ ಬಜೆಟ್ಟಲ್ಲಿ ಅದು ಆಗೋ ಮಾತಲ್ಲ. ಅವ್ರೂ ಒಪ್ಕೊಂಡ್ರು, ಆದ್ರೆ ಮಿನಿಟ್ಸಲ್ಲಿ ಬರೀರಿ ಅಂದ್ರು, ಬರೆದಿದ್ದೀನಿ.

ಕಾರ್ಖಾನೆಯಲ್ಲಿ

ಚನ್ನಪಟ್ಟಣದಲ್ಲಿ ಎರಡನೇ ಬ್ಲಾಕಿನ ಆಂಟಿಗೆ ಗುರುತಿದ್ದ ಒಂದು ಸಣ್ಣ ಕಾರ್ಖಾನೆಗೆ ಹೋದ್ವಿ, ಅವರು ದಸರಾ ಗೊಂಬೆ ತರೋದು ಅಲ್ಲಿಂದಾನೇ. ಕಾರ್ಖಾನೆ ಅಂದ್ರೆ ಮನೆ ಮುಂದಿನ ಶೀಟ್ ಹಾಕಿದ ರೂಮು, ನಾಲ್ಕು ಲೇತು (ಮರ ತಿರುಗಿಸಿ ಆಕಾರ ಕೊಡೋ ಯಂತ್ರ), ಇಬ್ಬರು ಅಣ್ಣತಮ್ಮ, ಬಣ್ಣದ ಕೆಲಸಕ್ಕೆ ಪಕ್ಕದ ಹಳ್ಳಿಯಿಂದ ಬರೋ ಮೂರ್ನಾಲ್ಕು ಹೆಂಗಸರು. ದೊಡ್ಡಣ್ಣ ಪಿಡಿಎಫ್‌ನ ಫೋನಲ್ಲಿ ದೊಡ್ಡದು ಮಾಡಿ ನೋಡಿ, ವಾಪಸ್ ಕೊಟ್ಟು, "ಇದು ಲೇತ್ ಕೆಲ್ಸ ಅಲ್ಲ ಸಾರ್" ಅಂದ್ರು.

ಟ್ರೆಷರರ್‌ಗೆ ಅರ್ಥ ಆಗ್ಲಿಲ್ಲ, ನಮ್ಗೂ ಇಲ್ಲ. ಅವರು ಮಾಡಿ ತೋರಿಸಿದ್ರು. ಆಲೆ ಮರದ ಒಂದು ತುಂಡು ಲೇತಿಗೆ ಸಿಗಿಸಿ ತಿರುಗೋಕೆ ಬಿಟ್ಟು ಉಳಿ ಹಿಡಿದ್ರೆ ಬಿಳೀ ಸಿಪ್ಪೆ ಸುರುಳಿ ಸುರುಳಿ ಬಿದ್ದು ಒಂದು ನಿಮಿಷಕ್ಕೆ ದುಂಡಗೆ ಆಕಾರ ಬರುತ್ತೆ. ಆಮೇಲೆ ಬಣ್ಣ ಸೇರಿಸಿದ ಅರಗಿನ ಕಡ್ಡಿನ ತಿರುಗ್ತಿರೋ ಮರಕ್ಕೆ ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ಕೊಳ್ಳುತ್ತೆ, ಅದರ ಮೇಲೆ ಒಣಗಿದ ಗರಿ ಒತ್ತಿದ್ರೆ ಬಣ್ಣ ಸಮ ಆಗಿ ಹೊಳಪು ಬರುತ್ತೆ. ಬ್ರಷ್ ಇಲ್ಲ, ಪೇಂಟ್ ಇಲ್ಲ, ಒಣಗೋಕೆ ಕಾಯೋದೂ ಇಲ್ಲ. ಆದ್ರೆ ಇದೆಲ್ಲ ಆಗ್ಬೇಕಂದ್ರೆ ಮರ ತಿರುಗ್ತಾ ಇರ್ಬೇಕು, ತಿರುಗೋದು ಅಂದ್ರೆ ದುಂಡಗಿರೋದೇ ಆಗ್ಬೇಕು. ಬುಗುರಿ, ಗಿಲಕಿ, ಡಬ್ಬಿ, ಗಾಲಿ, ಬಳೆ, ಗೊಂಬೆ ಮೈ ತಲೆ. ಚಪ್ಪಟೆ ಹಲಗೆ ಮೇಲೆ ಅರಗು ಕೂರಲ್ಲ. ಚಪ್ಪಟೆ ಆಟಿಕೆಗಳೂ ಚನ್ನಪಟ್ಟಣದ ಅಂಗಡಿಗಳಲ್ಲಿ ಸಿಗುತ್ತೆ, ಆದ್ರೆ ಅದು ಗರಗಸದಲ್ಲಿ ಕೊಯ್ದು ಪೇಂಟ್ ಹೊಡೆದಿರೋದು, ಬೇರೆ ಕೆಲಸ, ಅವರ ಕೈಯದ್ದಲ್ಲ.

ಅಂದ್ರೆ ನಮ್ಮ ಕಮಿಟಿ ಈ ಕಸುಬು ಉಳಿಸ್ಬೇಕು ಅಂತ ಹೊರಟು, ಆ ಕಸುಬಿಗೆ ಮಾಡೋಕೇ ಆಗ್ದೇ ಇರೋ ಒಂದು ಸಾಮಾನನ್ನ ಡಿಸೈನ್ ಮಾಡ್ಕೊಂಡು ಹೋಗಿತ್ತು. ಇದು ನಮ್ಮ ಅಪಾರ್ಟ್‌ಮೆಂಟಿನ ವಿಶೇಷ ಏನಲ್ಲ. ಕಾರ್ಪೊರೇಟ್ ಗಿಫ್ಟ್ ಕೇಳ್ಕೊಂಡು ಬರೋ ಎಷ್ಟೋ ಜನ ಮೊಬೈಲ್ ಸ್ಟ್ಯಾಂಡು, ನೇಮ್ ಪ್ಲೇಟು, ಫ್ರಿಜ್ ಮ್ಯಾಗ್ನೆಟ್ಟು ಅಂತಾನೇ ಕೇಳೋದು ಅಂದ್ರು ತಮ್ಮ. ಎಲ್ರಿಗೂ ಲೋಗೋ ಕೂರ್ಸೋಕೆ ಜಾಗ ಬೇಕು, ದುಂಡಗಿರೋದ್ರ ಮೇಲೆ ಲೋಗೋ ಕೂರಲ್ಲ.

ಅಗ್ಗದ ದಾರಿ, ಆಮೇಲೆ ಗ್ರೂಪಲ್ಲಿ ಬೆಂಕಿ

ವಾಪಸ್ ಬಂದ ವಾರಕ್ಕೇ ಇನ್ನೊಂದು ಕೊಟೇಶನ್ ಬಂತು. ನಗರದಲ್ಲೇ ಇರೋ ಒಬ್ಬ ಗಿಫ್ಟ್ ಸಪ್ಲೈಯರು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಲಿ ಲೇಸರ್ ಕಟಿಂಗು, ಡಿಸೈನ್ ಇದ್ದ ಹಾಗೇ, ಲೋಗೋ ಸಮೇತ, 140 ರೂಪಾಯಿ, ಹತ್ತು ದಿನದಲ್ಲಿ ಡೆಲಿವರಿ, ಬಾಕ್ಸ್ ಮೇಲೆ ಚನ್ನಪಟ್ಟಣ ಸ್ಟೈಲ್ ಅಂತ ಬೇಕಾದ್ರೆ ಪ್ರಿಂಟ್ ಮಾಡ್ಕೊಡ್ತೀನಿ ಅಂದ. ಕಮಿಟಿಲಿ ಅರ್ಧ ಜನಕ್ಕೆ ಇದು ಓಕೆ. ನಕ್ಷೆ ಬರುತ್ತೆ, ದುಡ್ಡು ಉಳಿಯುತ್ತೆ, ಎಲ್ಲಾ ರಾಜ್ಯದ ಕರಕುಶಲದ ಚಿತ್ರ ಇರುತ್ತೆ, ಇನ್ನೇನು ಬೇಕು ಅಂತ.

ನನ್ ಪ್ರಕಾರ ಇಡೀ ಕೇಸಲ್ಲಿ ನಿಂತು ನೋಡ್ಬೇಕಾದ ಜಾಗ ಇದು. ಕರಕುಶಲದ ಚಿತ್ರ ಇರೋ ಸಾಮಾನು ಬಂದ್ರೆ ಕರಕುಶಲ ಬಂದಂಗೆ ಅನ್ನೋ ಲೆಕ್ಕ ಬರೀ ಅಪಾರ್ಟ್‌ಮೆಂಟಿಂದಲ್ಲ. ಜನವರಿ 26ರ ಸ್ತಬ್ಧಚಿತ್ರಗಳನ್ನೇ ನೋಡಿ. 2022ರಲ್ಲಿ ಕರ್ನಾಟಕದ ಟ್ಯಾಬ್ಲೋ ಪೂರ್ತಿ ಸಾಂಪ್ರದಾಯಿಕ ಕರಕುಶಲದ ಮೇಲೇ ಇತ್ತು, ಕಮಲಾದೇವಿ ಚಟ್ಟೋಪಾಧ್ಯಾಯರ ಮೂರ್ತಿನೂ ಅದರ ಮೇಲಿತ್ತು. ಮಂಗಳೂರಲ್ಲಿ ಹುಟ್ಟಿದ ಈ ಹೆಣ್ಮಗಳು 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿ ಕಟ್ಟೋಕೆ ದೇಶ ಪೂರ್ತಿ ಓಡಾಡಿದವರು. 2025ರಲ್ಲಿ ಆಂಧ್ರದವರು ಏಟಿಕೊಪ್ಪಾಕ ಗೊಂಬೆಗಳನ್ನ ತಂದ್ರು. ಟ್ಯಾಬ್ಲೋ ತಪ್ಪಲ್ಲ, ನನಗೂ ಟಿವಿಲಿ ನೋಡಿ ಖುಷಿಯಾಗಿತ್ತು. ಆದ್ರೆ ಕಮಲಾದೇವಿಯವರ ತಲೆಮಾರು ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಮಾರುಕಟ್ಟೆ ಹುಡುಕೋದು, ಎಂಪೋರಿಯಂ ತೆರೆಯೋದು, ಸಹಕಾರ ಸಂಘ ಕಟ್ಟೋದು. ಟ್ಯಾಬ್ಲೋ ಮೇಲೆ ಅವೆಲ್ಲ ತೋರಿಸೋಕಾಗಲ್ಲ, ಹಾಗಾಗಿ ನೋಡೋರಿಗೆ ಗೊಂಬೆ ಒಂದೇ ಕಾಣುತ್ತೆ.

ಚನ್ನಪಟ್ಟಣ ಸ್ಟೈಲ್ ಅಂತ ಬರೆಯೋದು ಬೇಡ ಅಂತ ತಡೆದವರು ಮೂರನೇ ಬ್ಲಾಕಿನ ಲಾಯರ್ ಅಂಕಲ್. ಚನ್ನಪಟ್ಟಣದ ಆಟಿಕೆಗೆ 2005-06ರಲ್ಲೇ ಜಿಐ ಸಿಕ್ಕಿದೆ, ಆ ಹೆಸರು ಯಾರ್ ಬೇಕಾದ್ರೂ ಡಬ್ಬಿ ಮೇಲೆ ಅಂಟಿಸ್ಕೊಳ್ಳೋ ಸ್ಟಿಕ್ಕರ್ ಅಲ್ಲ ಅಂದ್ರು. ಸಪ್ಲೈಯರ್ ಹೋಗ್ಲಿ ಬಿಡಿ ಸಾರ್, ಹೆಸರಿಲ್ದೇನೇ ಕೊಡ್ತೀನಿ ಅಂದ, ಅದೇ 140.

ಅಷ್ಟರಲ್ಲಿ ವಾಟ್ಸಾಪ್ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂತು. ಟಿಪ್ಪು ತರ್ಸಿದ್ದ ಪರ್ಷಿಯಾದ ಕಸುಬು ಇದು, ರಾಜ್ಯೋತ್ಸವಕ್ಕೆ ಇದನ್ಯಾಕೆ ಕೊಡ್ಬೇಕು, ನಮ್ದೇ ಅಂತ ಬೇರೆ ಏನೂ ಇಲ್ವಾ ಅನ್ನೋ ಅರ್ಥದ್ದು. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನ ಕರೆಸಿದ ಅನ್ನೋ ಕತೆ ಚನ್ನಪಟ್ಟಣದಲ್ಲಿ ಎಲ್ರ ಬಾಯಲ್ಲೂ ಇದೆ. ಬಾವಾಸ್ ಮಿಯಾ ಅನ್ನೋರು ಜಪಾನಿನ ರೀತಿ ನೋಡಿ ಕಲಿತು ಇಲ್ಲಿಯವರಿಗೂ ಕಲಿಸಿದ್ರು ಅನ್ನೋ ಕತೆನೂ ಇದೆ. ಗ್ರೂಪಲ್ಲಿ ರಾತ್ರಿ ಹನ್ನೊಂದರ ತನಕ ಜಗಳ, ಇಬ್ರು ಎಕ್ಸಿಟ್ ಆದ್ರು, ಅಡ್ಮಿನ್ ಗ್ರೂಪ್ ಲಾಕ್ ಮಾಡಿದ್ರು. ಗ್ರೂಪಲ್ಲಿದ್ದ ಮುಸ್ಲಿಂ ಕುಟುಂಬಗಳವರು ಯಾರೂ ಒಂದು ಅಕ್ಷರ ಟೈಪ್ ಮಾಡ್ಲಿಲ್ಲ. ಅದನ್ನ ನಾನು ಮಿನಿಟ್ಸಲ್ಲಿ ಬರೀಲಿಲ್ಲ, ಇಲ್ಲಿ ಬರೀತಿದ್ದೀನಿ.

ಮಾರನೇ ದಿನದ ಮೀಟಿಂಗಲ್ಲಿ ಲಾಯರ್ ಅಂಕಲ್ ಸಂವಿಧಾನದ 51ಎ ವಿಧಿ ತೆಗೆದ್ರು. 1976ರ 42ನೇ ತಿದ್ದುಪಡಿಲಿ ಬಂದ ಮೂಲಭೂತ ಕರ್ತವ್ಯಗಳು, ಅದರಲ್ಲಿ ಎಫ್ ಖಂಡ, ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಗೆ ಬೆಲೆ ಕೊಟ್ಟು ಕಾಪಾಡ್ಬೇಕು ಅನ್ನೋದು. ಅಂಕಲ್ ಓದಿದ್ದು ಚೆನ್ನಾಗಿತ್ತು ಆದ್ರೆ ಯಾರ ಮುಖದಲ್ಲೂ ಬದಲಾವಣೆ ಕಾಣ್ಲಿಲ್ಲ. ಬದಲಾವಣೆ ಆಗಿದ್ದು ದಸರಾ ಗೊಂಬೆ ಆಂಟಿ ಬಾಯಿ ತೆಗೆದಾಗ. ಫಾರ್ವರ್ಡ್ ಹಾಕಿದ್ದ ಮನುಷ್ಯನ ಕಡೆ ತಿರುಗಿ, "ಏನಪ್ಪಾ, ನಿಮ್ಮಮ್ಮ ನಮ್ ಮನೆ ಗೊಂಬೆ ನೋಡೋಕೆ ವರ್ಷಾ ವರ್ಷಾ ಬಂದು ಆರತಿ ಹಾಡು ಹಾಡಿ ಹೋಗ್ತಾರೆ. ಆ ಮದುವೆ ದಿಬ್ಬಣದ ಸೆಟ್ಟು, ವಾದ್ಯದವರು, ಎಲ್ಲಾ ಚನ್ನಪಟ್ಟಣದ ಆ ಭಾಯ್ ಮನೇಲೇ ಮಾಡಿದ್ದು. ಪಟ್ಟದ ಗೊಂಬೆ ರಾಜ ರಾಣಿ ತಿರುಪತಿ ರಕ್ತಚಂದನದ್ದು, ಆಂಧ್ರದ್ದು, ನಮ್ಮತ್ತೆ ಕಾಲದ್ದು. ಯಾವ್ದು ಎತ್ತಿ ಕೆಳಗಿಡ್ಲಿ ಹೇಳು" ಅಂದ್ರು. ಆ ಮನುಷ್ಯ ಹಾಗಲ್ಲ ಆಂಟಿ ಅಂದ, ಅಷ್ಟೇ. ಅವನ ಅಭಿಪ್ರಾಯ ಬದಲಾಯ್ತು ಅಂತ ನಾನು ನಂಬಲ್ಲ, ಆದ್ರೆ ವಿಷಯ ಮತ್ತೆ ಎತ್ತಲಿಲ್ಲ.

ಸ್ಯಾಂಪಲ್ಲು

ನಕ್ಷೆ ಆಸೆ ಬಿಡಿಸಿದ್ದು ವಾದ ಅಲ್ಲ, ಒಂದು ಸ್ಯಾಂಪಲ್ ಡಬ್ಬಿ. ಚನ್ನಪಟ್ಟಣದಿಂದ ಬರೋವಾಗ ದೊಡ್ಡಣ್ಣ ತೋಚಿದ್ದು ಕೊಟ್ಟಿದ್ರು: ಅಂಗೈಯಲ್ಲಿ ಹಿಡಿಸೋ ಅಡುಗೆ ಸಾಮಾನು ಸೆಟ್ಟು. ಕೊಡ, ಪಾತ್ರೆ, ರುಬ್ಬೋ ಕಲ್ಲು, ಮುಚ್ಚಳ ಇರೋ ಡಬ್ಬಿ, ಬೀಸೋ ಕಲ್ಲು. ಅದನ್ನ ಮೀಟಿಂಗ್ ಟೇಬಲ್ ಮೇಲೆ ಇಟ್ಟಾಗ ಮೊದ್ಲು ಕೈ ಹಾಕಿದ್ದು ತಿರುನೆಲ್ವೇಲಿ ಕಡೆಯ ಮೇಡಂ, ಅವರ ಊರ ಹತ್ರ ಅಂಬಾಸಮುದ್ರದಲ್ಲಿ ಇದೇ ಥರ ಅರಗು ಹಚ್ಚಿದ ಚೊಪ್ಪು ಸಾಮಾನು ಮಾಡ್ತಾರಂತೆ, ಚಿಕ್ಕವರಿದ್ದಾಗ ಆಡಿದ್ರಂತೆ. ವಿಶಾಖಪಟ್ಟಣದವರು ಇದು ನಮ್ ಲಕ್ಕಪಿಡತಲು ಅಲ್ವಾ ಅಂದ್ರು, ಏಟಿಕೊಪ್ಪಾಕದಲ್ಲೂ ಮರ ಅದೇ ಜಾತಿದು, ಅರಗು, ಲೇತು ಎಲ್ಲಾ ಹೀಗೇನೇ. ಬನಾರಸಿನವನೊಬ್ಬ ಕಶ್ಮೀರಿ ಗಂಜಲ್ಲಿ ಇಂಥದ್ದೇ ಮಾಡ್ತಾರೆ ಅಂದ. ಗುಜರಾತಿ ದಂಪತಿ ಸಂಖೇಡಾ ಉಯ್ಯಾಲೆ ಫೋಟೋ ತೋರಿಸಿದ್ರು, ಅದರ ಕಾಲುಗಳೂ ಅರಗು ಹಚ್ಚಿ ತಿರುಗಿಸಿದ್ದು. ಪುಣೆ ಕಡೆಯವರು ನಮ್ ಸಾವಂತವಾಡಿಲೂ ಮಾಡ್ತಾರೆ ಅಂದ್ರು.

ನಕ್ಷೆಯಲ್ಲಿ ಪ್ರತಿ ರಾಜ್ಯಕ್ಕೂ ಒಂದೊಂದು ಬೇರೆ ಕರಕುಶಲ ಅಂತ ಹಂಚಿ ಗೆರೆ ಹಾಕಿದ್ವಿ. ಇಲ್ಲಿ ನೋಡಿದ್ರೆ ಒಂದೇ ಕೆಲಸ ಐದಾರು ರಾಜ್ಯದಲ್ಲಿ ಹರಡಿದೆ, ಗೆರೆ ದಾಟಿ ದಾಟಿ ಹೋಗಿದೆ, ಪ್ರತಿ ಊರಿನವರೂ ತಮ್ಮದು ಅಂದ್ಕೊಂಡಿದ್ದಾರೆ, ಎಲ್ರೂ ಸರಿನೇ. ಚನ್ನಪಟ್ಟಣದ ಒಂದು ಪುಟ್ಟ ಕೊಡದಲ್ಲೇ ಮರ ಸುತ್ತಮುತ್ತಲ ಹೊಲದ ಬದುವಿಂದು, ಅರಗು ಬಹುಪಾಲು ಜಾರ್ಖಂಡ್ ಛತ್ತೀಸ್‌ಗಢದ ಕಾಡಿನ ಕಡೆಯಿಂದ, ಮುತ್ತುಗದಂಥ ಮರದ ಮೇಲೆ ಹುಳ ಕಟ್ಟೋದನ್ನ ಅಲ್ಲಿಯ ಆದಿವಾಸಿಗಳು ಕೆರೆದು ತೆಗೆದಿದ್ದು, ಬಣ್ಣ ಅರಿಶಿನ ನೀಲಿ ಕಾಚು, ತಿರುಗಿಸೋದು ಉರ್ದು ಕನ್ನಡ ಎರಡೂ ಮಾತಾಡೋ ಮನೆ, ಬಣ್ಣ ಒತ್ತೋದು ಒಕ್ಕಲಿಗರ ಹಳ್ಳಿಯ ಹೆಂಗಸು, ಕೊನೆಗೆ ಹೋಗಿ ಕೂರೋದು ಬ್ರಾಹ್ಮಣರ ಮನೆ ದಸರಾ ಮೆಟ್ಟಿಲ ಮೇಲೆ. ರಾಯ್‌ಪುರದವರಿಗೆ ಅರಗಿನ ವಿಷಯ ಕೇಳಿ ಸಿಕ್ಕಾಪಟ್ಟೆ ಖುಷಿ, ನಮ್ ಪಾಲೂ ಇದೆ ಅಂತ. ವಿವಿಧತೆಯಲ್ಲಿ ಏಕತೆ ಅಂತ ಕೆಳಗೆ ಪ್ರಿಂಟ್ ಹಾಕೋ ಅಗತ್ಯ ಇದಕ್ಕೆ ಕಾಣ್ಲಿಲ್ಲ. ಡಿಸೈನರ್ ಹುಡುಗಿನೇ ಮೊದ್ಲು ಕೈ ಎತ್ತಿದ್ದು, ನಕ್ಷೆ ಬಿಡೋಣ ಅಂತ. ಎಲ್ರೂ ಒಪ್ಪಿದ್ರು ಅಂತಲ್ಲ, ವೋಟಿಗೆ ಹಾಕಿದಾಗ ಸ್ವಲ್ಪದರಲ್ಲೇ ಪಾಸಾಯ್ತು.

ದುಡ್ಡಿನ ವಿಷಯ

ಅಸಲಿ ಕಷ್ಟ ಇಲ್ಲಿಂದ. ಸಂಸ್ಕೃತಿ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡೋ ಜನ ಅಡ್ವಾನ್ಸ್ ಅಂದ ತಕ್ಷಣ ರೂಲ್ ಬುಕ್ ತೆಗೀತಾರೆ.

ಐದು ಪೀಸಿನ ಸೆಟ್ಟಿಗೆ ಅವರು ಹೇಳಿದ್ದು 280. ಬಜೆಟ್ 250. ಒಂದು ಪೀಸ್ ಕಮ್ಮಿ ಮಾಡಿ ನಾಲ್ಕಕ್ಕೆ 240 ಅಂತಾಯ್ತು. ಇದರಲ್ಲಿ ಚೌಕಾಸಿ ಮಾಡ್ಬೇಡಿ ಅಂತ ದಸರಾ ಗೊಂಬೆ ಆಂಟಿ ಮೊದ್ಲೇ ಟ್ರೆಷರರ್‌ಗೆ ಕಣ್ಣು ಬಿಟ್ಟಿದ್ರು, ಹಾಗಾಗಿ ಬೇಗ ಮುಗೀತು. ಆದ್ರೆ ಅಸೋಸಿಯೇಷನ್ ರೂಲ್ ಪ್ರಕಾರ ಸಾಮಾನು ಬಂದು ಎಣಿಸಿದ್ಮೇಲೆ ಬಿಲ್, ಬಿಲ್ ಬಂದ 30 ದಿನಕ್ಕೆ ಪೇಮೆಂಟು. ದೊಡ್ಡಣ್ಣ ಅರ್ಧ ಅಡ್ವಾನ್ಸ್ ಇಲ್ದೆ ಮರ ತರೋಕಾಗಲ್ಲ ಸಾರ್ ಅಂದ್ರು. ಟ್ರೆಷರರ್ ಲಿಫ್ಟ್ ಎಎಂಸಿಗೂ (ವರ್ಷದ ನಿರ್ವಹಣೆ ಕಾಂಟ್ರಾಕ್ಟು) ನಾವು ಅಡ್ವಾನ್ಸ್ ಕೊಡಲ್ಲ ಅಂದ್ರು.

ಯಾಕೆ ಅಡ್ವಾನ್ಸ್ ಬೇಕು ಅನ್ನೋದು ಅಲ್ಲಿ ಹೋಗಿ ನೋಡಿದ್ರೆ ಮಾತ್ರ ತಿಳಿಯೋದು. ಆಲೆ ಮರ ಹಸೀದು ತಂದ ತಕ್ಷಣ ಲೇತಿಗೆ ಹಾಕಿದ್ರೆ ಆಮೇಲೆ ಬಿರುಕು ಬಿಡುತ್ತೆ, ತಿಂಗಳುಗಟ್ಟಲೆ ಒಣಗಿಸ್ಬೇಕು, ಮಳೆಗಾಲದಲ್ಲಿ ಇನ್ನೂ ನಿಧಾನ. ಅಂದ್ರೆ ನವೆಂಬರಿನ ಆರ್ಡರ್‌ಗೆ ಮರ ಬೇಸಿಗೆಯಲ್ಲೇ ಕೊಂಡು ಇಟ್ಟಿರ್ಬೇಕು. ದೊಡ್ಡ ವ್ಯಾಪಾರಿಗಳು ಇಟ್ಟಿರ್ತಾರೆ, ನಾಲ್ಕು ಲೇತಿನವರ ಹತ್ರ ಅಷ್ಟು ದುಡ್ಡು ಮರದಲ್ಲಿ ಮಲಗಿಸೋಕೆ ಇರಲ್ಲ. ಒಣಗಿದ ಮರನೇ ಬೇರೆಯವರಿಂದ ಜಾಸ್ತಿ ರೇಟಿಗೆ ತರ್ಬೇಕು, ಅದಕ್ಕೆ ಕ್ಯಾಶು. ಅರಗಿನ ರೇಟಂತೂ ಒಂದು ವರ್ಷ ಇದ್ದಂಗೆ ಇನ್ನೊಂದು ವರ್ಷ ಇರಲ್ಲ. ಮೇಲೆ ನಾವು ಆರ್ಡರ್ ಕೊಡೋಕೆ ಹೋಗಿದ್ದು ದಸರಾ ಹತ್ರ ಬಂದಾಗ, ಅವರಿಗೆ ವರ್ಷದಲ್ಲೇ ಕೈ ಬಿಡುವಿಲ್ಲದ ಟೈಮು.

ಇನ್ನೊಂದು ಕಾರಣನ ತಮ್ಮ ಹೇಳಿದ್ರು. 2023ರ ಮಾರ್ಚಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ರಾಮನಗರ ಚನ್ನಪಟ್ಟಣಕ್ಕೆ ಬೈಪಾಸ್ ಬಂತು. ಮೊದ್ಲು ಮೈಸೂರಿಗೆ ಹೋಗೋ ಪ್ರತಿ ಕಾರೂ ಪೇಟೆ ಒಳಗಿಂದಾನೇ ಹೋಗ್ತಿತ್ತು, ಹಳೇ ಹೈವೇ ಪಕ್ಕದ ಆಟಿಕೆ ಅಂಗಡಿ ಮುಂದೆ ನಿಲ್ತಿತ್ತು, ಅಂಗಡಿಯವರು ದಿನದಿನದ ಮಾರಾಟದ ದುಡ್ಡಲ್ಲಿ ಕಾರ್ಖಾನೆಯವರಿಗೆ ವಾರವಾರ ಪೇಮೆಂಟ್ ಕೊಡ್ತಿದ್ರು. ಈಗ ಕಾರುಗಳು ಮೇಲಿಂದಾನೇ ಹೋಗಿಬಿಡುತ್ತೆ. ನಾವೂ ಮೈಸೂರಿಗೆ ಒಂದೂವರೆ ಗಂಟೇಲಿ ತಲುಪಿದ್ವಿ ಅಂತ ಸ್ಟೇಟಸ್ ಹಾಕಿದವರೇ. ರೋಡ್ ಬೇಡ ಅಂತ ಯಾರೂ ಹೇಳ್ತಿಲ್ಲ, ಅವರೂ ಹೇಳ್ಲಿಲ್ಲ, ಆದ್ರೆ ಆ ವಾರದ ದುಡ್ಡು ನಿಂತಿದ್ದಕ್ಕೆ ಈಗ ಆರ್ಡರ್ ಮೇಲೇ ಬದುಕು, ಆರ್ಡರ್ ಅಂದ್ರೆ ಅಡ್ವಾನ್ಸು.

ಸರ್ಕಾರದ ಸ್ಕೀಮ್ ಇಲ್ವಾ ಅಂತ ಕಮಿಟಿಲಿ ಕೇಳಿದ್ರು. ಇದೆ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮದಲ್ಲಿ 18 ಕಸುಬುಗಳ ಪಟ್ಟಿಲಿ ಸಾಂಪ್ರದಾಯಿಕ ಗೊಂಬೆ ಆಟಿಕೆ ಮಾಡೋರೂ ಇದ್ದಾರೆ, ಟೂಲ್‌ಕಿಟ್‌ಗೆ 15,000, ಮೊದಲ ಕಂತು 1 ಲಕ್ಷ ಆಮೇಲೆ 2 ಲಕ್ಷ ಸಾಲ, ಬಡ್ಡಿ ಶೇ 5. ಒಳ್ಳೇದೇ. ಆದ್ರೆ ಸಾಲ ತಗೊಂಡ್ರೆ ತೀರಿಸೋಕೂ ಆರ್ಡರೇ ಬೇಕಲ್ಲ.

ಕೊನೆಗೆ ಆಂಟಿ ಮತ್ತೆ ಕೊಪ್ಪಳದ ಬ್ಯಾಂಕ್ ಅಂಕಲ್ ಇಬ್ರೂ ಸೇರಿ ತಮ್ಮ ದುಡ್ಡಿಂದ ಅರ್ಧ ಅಡ್ವಾನ್ಸ್ ಕೊಟ್ಟು, ಸಾಮಾನು ಬಂದ್ಮೇಲೆ ಅಸೋಸಿಯೇಷನ್ ಅವರಿಗೆ ವಾಪಸ್ ಕೊಡೋದು ಅಂತ ತೀರ್ಮಾನ. ಕಿನ್ನಾಳಕ್ಕೆ ವಾದ ಮಾಡಿದ ಮನುಷ್ಯನೇ ಚನ್ನಪಟ್ಟಣಕ್ಕೆ ಕೈಯಿಂದ ದುಡ್ಡು ಹಾಕಿದ್ರು, ಇದು ನನಗೆ ಇಡೀ ಪ್ರಕರಣದಲ್ಲಿ ತುಂಬಾ ಹಿಡಿಸಿದ ವಿಷಯ. ಯಾಕೆ ಸಾರ್ ಅಂದ್ರೆ "ಕಸಬುದಾರ ಕಸಬುದಾರನ ರೀ, ಊರು ಯಾವ್ದಾದ್ರೇನು" ಅಂದ್ರು.

ಸರ್ಟಿಫಿಕೇಟು

ಮಧ್ಯದಲ್ಲಿ ಒಬ್ಬ ಅಪ್ಪ, ಮಗುಗೆ ಎರಡು ವರ್ಷ, ಐಎಸ್‌ಐ ಮಾರ್ಕ್ ಇದ್ಯಾ ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಆಟಿಕೆ ಗುಣಮಟ್ಟದ ಆದೇಶ 2020ರಲ್ಲಿ ಬಂದು 2021ರ ಜನವರಿ 1ರಿಂದ ಜಾರಿ ಆಯ್ತು, ಮಾರ್ಕ್ ಇಲ್ದೆ ಆಟಿಕೆ ಮಾರಂಗಿಲ್ಲ. ಟೆಸ್ಟಿಂಗ್ ಲ್ಯಾಬು, ಲೈಸೆನ್ಸು ಎಲ್ಲ ಮನೆ ಮುಂದಿನ ಶೆಡ್ಡಿನವರ ಕೈಗೆ ಎಟುಕಲ್ಲ ಅಂತ ಜಾರಿಗೆ ಬರೋ ಮುಂಚೆನೇ ತಿದ್ದುಪಡಿ ಮಾಡಿ, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಹತ್ರ ನೋಂದಣಿ ಆದ ಕುಶಲಕರ್ಮಿಗಳಿಗೂ, ಜಿಐ ಅಡಿಯ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಕೊಟ್ರು. ದೊಡ್ಡಣ್ಣ ತಮ್ಮ ಕುಶಲಕರ್ಮಿ ಕಾರ್ಡ್ ಫೋಟೋ ಕಳಿಸಿದ್ರು, ಆ ವಿಷಯ ಮುಗೀತು. ಚಿಕ್ಕ ಮಕ್ಕಳು ಬಾಯಿಗೆ ಹಾಕ್ಕೊಳ್ಳೋ ಸೈಜ್ ಇರೋದ್ರಿಂದ ಮೂರು ವರ್ಷದ ಮೇಲಿನವರಿಗೆ ಮಾತ್ರ ಅಂತ ಚೀಟಿ ಹಾಕ್ಸಿದ್ವಿ. ಆಮದು ಆಟಿಕೆ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದು ಇವರಿಗೆ ಅನುಕೂಲ ಆಗಿದ್ಯಾ ಅಂತ ಕೇಳಿದೆ. ಸ್ವಲ್ಪ ಆಗಿದೆ, ಆದ್ರೆ ನಮ್ ಕಾಂಪಿಟಿಷನ್ ಚೀನಾ ಒಂದೇ ಅಲ್ಲ, ರಬ್ಬರ್ ಮರಕ್ಕೆ ಪೇಂಟ್ ಹೊಡ್ದು ನಮ್ ಹೆಸರಲ್ಲೇ ಮಾರೋರು ಇಲ್ಲೇ ಇದ್ದಾರೆ ಅಂದ್ರು ತಮ್ಮ.

ನವೆಂಬರ್ 1

ಕಮಿಟಿಗೆ ಇನ್ನೊಂದು ಆಸೆ ಇತ್ತು, ಅವತ್ತು ಸ್ಟೇಜ್ ಪಕ್ಕ ಕುಶಲಕರ್ಮಿನ ಕೂರಿಸಿ ಲೈವ್ ಡೆಮೊ, ಪೇಟ ಶಾಲು ಹಾಕಿ ಸನ್ಮಾನ. ದೊಡ್ಡಣ್ಣ ಬರ್ತೀನಿ ಆದ್ರೆ ನನ್ನ ಮತ್ತೆ ತಮ್ಮನ ಒಂದು ದಿನದ ಕೂಲಿ, ಸಣ್ಣ ಲೇತ್ ತರೋ ಗಾಡಿ ಬಾಡಿಗೆ ಕೊಡ್ಬೇಕು ಅಂದ್ರು. ಸನ್ಮಾನ ಮಾಡ್ತೀವಲ್ಲ ಅಂತ ಕಲ್ಚರಲ್ ಸೆಕ್ರೆಟರಿ ಸ್ವಲ್ಪ ಮುನಿಸ್ಕೊಂಡ್ರು. ಹಾಡೋಕೆ ಬರೋ ಆರ್ಕೆಸ್ಟ್ರಾದವರಿಗೆ ಶಾಲು ಹಾಕಿ ದುಡ್ಡು ಕೊಡ್ದೆ ಕಳಿಸ್ತೀವಾ ಅಂತ ಲಾಯರ್ ಅಂಕಲ್ ಕೇಳಿದ್ಮೇಲೆ ಕೂಲಿ ಪಾಸಾಯ್ತು, ಪೇಟ ಕ್ಯಾನ್ಸಲ್ ಆಯ್ತು.

ಬಣ್ಣದ ಮೇಲೂ ಒಂದು ಸುತ್ತು ಜಗಳ. ರಾಜ್ಯೋತ್ಸವ, ಕೆಂಪು ಹಳದಿ ಇರ್ಲಿ ಅಂತ ಕೆಲವರು, ಕೇಸರಿ ಬಿಳಿ ಹಸಿರು ಅಂತ ಕೆಲವರು. ಕಾರ್ಖಾನೆ ಹೆಂಗಸರು ತಮ್ಮ ಹತ್ರ ಯಾವ ಬಣ್ಣದ ಅರಗಿನ ಕಡ್ಡಿ ರೆಡಿ ಇತ್ತೋ ಅದರಲ್ಲಿ ಮಾಡಿ ಕಳಿಸಿದ್ರು, ನೀಲಿ ಕೊಡ, ಹಸಿರು ಡಬ್ಬಿ, ಒಂದೊಂದು ಮನೆಗೆ ಒಂದೊಂದು ಥರ. ಡೆಲಿವರಿ ಎರಡು ಕಂತಲ್ಲಿ ಬಂತು, ಎರಡನೇ ಕಂತು ಕರೆಂಟ್ ಹೋಗಿ ಲೇತ್ ನಿಂತು ಅಕ್ಟೋಬರ್ 31ರ ರಾತ್ರಿ ಬಂತು, ಅವತ್ತು ಸೆಕ್ರೆಟರಿಗೆ ಬಿಪಿ ಏರಿತ್ತು. ಹಂಚಿದ್ಮೇಲೆ ಹತ್ತಿಪ್ಪತ್ತು ಮನೆಯಿಂದ ಕಂಪ್ಲೇಂಟು: ಪಕ್ಕದ ಮನೆ ಸೆಟ್ಟಿನ ಬಣ್ಣ ಚೆನ್ನಾಗಿದೆ ನಮ್ದು ಬದಲಾಯಿಸಿ, ಮುಚ್ಚಳ ಟೈಟು, ಸೈಜ್ ಒಂದೇ ಥರ ಇಲ್ಲ. ಸೈಜ್ ಕಂಪ್ಲೇಂಟಿಗೆ ಸೆಕ್ರೆಟರಿ ಕೊಟ್ಟ ಉತ್ತರ, ಕೈಯಲ್ಲಿ ಮಾಡಿದ್ದು ಸಾರ್, ದೋಸೆನೂ ಒಂದೇ ಸೈಜ್ ಬರಲ್ಲ. ಐದಾರು ಮನೆಯವರು ಎಂಡಿಎಫ್ ನಕ್ಷೆನೇ ಚೆನ್ನಾಗಿತ್ತು ಅಂತ ಈಗ್ಲೂ ಹೇಳ್ತಾರೆ.

ಡೆಮೊ ಮಾತ್ರ ಯಾರೂ ಅಂದ್ಕೊಳ್ದಷ್ಟು ನಡೀತು. ಮಕ್ಕಳು ಡ್ಯಾನ್ಸ್ ಬಿಟ್ಟು ಅಲ್ಲೇ ನಿಂತಿದ್ರು. ಫಾರ್ವರ್ಡ್ ಹಾಕಿದ್ದ ಮನುಷ್ಯನ ಮಗಳಿಗೆ ದೊಡ್ಡಣ್ಣ ಒಂದು ಬುಗುರಿ ಮಾಡಿಕೊಟ್ರು, ಅವನು ಐವತ್ತು ರೂಪಾಯಿ ಫೋನ್ ಪೇ ಮಾಡಿದ. ಅವತ್ತು ಬಿಡಿಯಾಗಿ ಮಾರಿದ ಬುಗುರಿ, ಡಬ್ಬಿ ಅವರಿಗೆ ಕೂಲಿಗಿಂತ ಜಾಸ್ತಿ ಆಯ್ತಂತೆ.

ಈಗ ಎಲ್ಲಿಗೆ ಬಂದಿದೆ

ಬದಲಾಗಿದ್ದು ಕೆಲವು. ಅಸೋಸಿಯೇಷನ್ ರೂಲ್‌ನಲ್ಲಿ ಕುಶಲಕರ್ಮಿಗಳಿಂದ ನೇರ ಕೊಳ್ಳೋದಾದ್ರೆ ಅರ್ಧ ಅಡ್ವಾನ್ಸ್ ಕೊಡಬಹುದು ಅಂತ ಒಂದು ಸಾಲು ಸೇರಿದೆ. ಈ ವರ್ಷದ ಆರ್ಡರ್ ಜೂನಲ್ಲೇ ಹೋಗಿದೆ, ಡಿಸೈನ್ ಕಮಿಟಿಯವರು ಕಳಿಸ್ಲಿಲ್ಲ, ಏನ್ ಮಾಡ್ತೀರಾ ಅಂತ ಕಾರ್ಖಾನೆಯವರನ್ನೇ ಕೇಳಿದ್ರು, ಬುಗುರಿ ಮತ್ತೆ ಗಿಲಕಿ ಅಂತ ತೀರ್ಮಾನ. ಪಕ್ಕದ ಎರಡು ಅಪಾರ್ಟ್‌ಮೆಂಟಿನವರು ನಂಬರ್ ಇಸ್ಕೊಂಡ್ರು, ಅದರಲ್ಲಿ ಒಬ್ರು ಆರ್ಡರ್ ಕೊಟ್ರು. ಕೊಪ್ಪಳದ ಅಂಕಲ್ ಕ್ಲಬ್‌ಹೌಸಿಗೆ ಒಂದೇ ಒಂದು ಕಿನ್ನಾಳ ಗೊಂಬೆ, ಸರಿಯಾದ ಬೆಲೆಗೆ, ಕೊಳ್ಳೋಣ ಅಂತ ಅರ್ಜಿ ಹಾಕಿದ್ದಾರೆ.

ಬದಲಾಗ್ದೇ ಇರೋದು: ದೊಡ್ಡಣ್ಣನ ಮಗ ಬಿಡದಿ ಕಡೆ ಫ್ಯಾಕ್ಟರಿಗೆ ಹೋಗ್ತಾನೆ, ಪಿಎಫ್ ಇದೆ, ಕ್ಯಾಂಟೀನ್ ಇದೆ, ವಾಪಸ್ ಲೇತಿಗೆ ಬರೋ ಮಾತು ಮನೇಲಿ ಯಾರೂ ಎತ್ತಿಲ್ಲ. ಬಾ ಅಂತ ಹೇಳೋ ಹಕ್ಕು ನಮ್ಗಂತೂ ಇಲ್ಲ, ನಮ್ ಮಕ್ಕಳನ್ನೇನು ನಾವು ಅಜ್ಜನ ಕಸುಬಿಗೆ ಕಳಿಸ್ತಿದ್ದೀವಾ. ಬಣ್ಣದ ಕೆಲಸಕ್ಕೆ ಬರೋ ಹೆಂಗಸರಲ್ಲಿ ಒಬ್ಬಾಕೆ ಈಗ ಲೇತ್ ಕಲೀತಿದ್ದಾಳಂತೆ, ಮುಂದೆ ಆ ಶೆಡ್ ಅವಳ ಕೈಗೆ ಹೋದ್ರೂ ಹೋಗಬಹುದು ಅಂತ ತಮ್ಮ ಹೇಳಿದ್ರು.

ಮತ್ತೆ ಬಿಲ್ಡಿಂಗ್ ಪೇಂಟಿಂಗ್ ಖರ್ಚು ಬಂದಿದೆ, ಗಿಫ್ಟ್ ಬಜೆಟ್ 250ರಿಂದ 200ಕ್ಕೆ ಇಳಿಸೋಣ ಅಂತ ಒಂದು ಪ್ರಸ್ತಾಪ ಬಂದಿದೆ, ಟ್ರೆಷರರ್ ಬೆಂಬಲಿಸಿದ್ದಾರೆ, ಮುಂದಿನ ಮೀಟಿಂಗಲ್ಲಿ ವೋಟಿಗೆ ಬರುತ್ತೆ.